ಈಳಿಗೆಯೂ ಆದಾನನಿಕ್ಷೇಪಣ ಸಮಿತಿಯೂ





ವ್ರತ ಉಪವಾಸಗಳ ವಿಷಯ ಬಂದಾಗ ನಾವು ಏನನ್ನು ಉಣ್ಣಬೇಕು, ಏನನ್ನು ಬಿಡಬೇಕು, ಯಾವ ತಿಥಿಗೆ ಯಾವ ತ್ಯಾಗ ಎಂಬುದನ್ನೇ ವಿಸ್ತರಿಸಿ ಹೇಳುವುದು ವಾಡಿಕೆ. ಉಣ್ಣುವ ಪದಾರ್ಥವು ತಾಟಿಗೆ ಬರುವ ಮುನ್ನ ಯಾವ ಅಲಗನ್ನು ದಾಟಿ ಬಂದಿತು, ಆ ಅಲಗಿನ ಮುಂದೆ ಕುಳಿತವರ ಕೈ ಹೇಗಿತ್ತು, ಕಣ್ಣು ಎಲ್ಲಿತ್ತು ಎಂದು ವಿಚಾರಿಸುವವರು ವಿರಳ. ಈಳಿಗೆಯನ್ನು ಕುರಿತು ಧರ್ಮೋಪದೇಶವೇ ಎಂದು ಯಾರಾದರೂ ನಕ್ಕರೆ ಅದಕ್ಕೆ ನನ್ನ ಅಭ್ಯಂತರವಿಲ್ಲ. ಆದರೆ ನಮ್ಮ ದುಮ್ಮವಾಡದಂಥ ಹಳ್ಳಿಯಲ್ಲಿ ಒಂದು ಜೈನ ಮನೆತನದ ಅಹಿಂಸಾವ್ರತವು ದಿನಕ್ಕೆ ಎಷ್ಟು ಸಲ ಪರೀಕ್ಷೆಗೆ ಒಳಗಾಗುತ್ತದೆ ಎಂದು ಎಣಿಸಹೊರಟರೆ, ಬಸದಿಯಲ್ಲಿ ಆಗುವ ಪರೀಕ್ಷೆಗಿಂತ ಅಡಿಗೆಮನೆಯ ಮೂಲೆಯಲ್ಲಿ ಆಗುವುದೇ ಹೆಚ್ಚೆಂದು ತಿಳಿಯುತ್ತದೆ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾವ್ರತವನ್ನು ಸ್ಥಿರಪಡಿಸುವ 5 ಭಾವನೆಗಳನ್ನು ನಿರೂಪಿಸಿದ್ದಾರೆ. ಮಾತು, ಮನಸ್ಸು, ನಡೆ ಇವುಗಳ ಸಂಯಮವನ್ನು ಹೇಳಿದ ಬಳಿಕ ನಾಲ್ಕನೆಯದಾಗಿ ಬರುವುದು ಆದಾನನಿಕ್ಷೇಪಣ ಸಮಿತಿ. ಎಂದರೆ ಯಾವುದೇ ವಸ್ತುವನ್ನು ಎತ್ತಿಕೊಳ್ಳುವಾಗಲೂ ಇಡುವಾಗಲೂ ನೋಡಿ, ಶೋಧಿಸಿ, ಎಚ್ಚರದಿಂದ ಮಾಡುವುದು. ಐದನೆಯದು ಆಲೋಕಿತಪಾನಭೋಜನ, ಬೆಳಕಿನಲ್ಲಿ ನೋಡಿ ಉಣ್ಣುವುದು, ಕುಡಿಯುವುದು. ಮುನಿಗಳು ಶಾಸ್ತ್ರವನ್ನಾಗಲಿ ಕಮಂಡಲುವನ್ನಾಗಲಿ ಎತ್ತುವ ಮೊದಲು ಪಿಂಛಿಯಿಂದ ಮೃದುವಾಗಿ ಒರೆಸುತ್ತಾರೆ. ಇಡುವ ಸ್ಥಳವನ್ನೂ ಹಾಗೆಯೇ ಒರೆಸುತ್ತಾರೆ. ಅದನ್ನು ಕಂಡು ನಾವು ಕೈಮುಗಿಯುತ್ತೇವೆ. ಮನೆಗೆ ಬಂದು ಈಳಿಗೆಯನ್ನು ಕಾಲಿನಿಂದಲೇ ಎಳೆದುಕೊಳ್ಳುತ್ತೇವೆ, ಕೆಲಸ ಮುಗಿದೊಡನೆ ಅಲಗು ಮೇಲ್ಮುಖವಾಗಿರುವಂತೆಯೇ ಬಿಟ್ಟು ಏಳುತ್ತೇವೆ. ಸಮಿತಿಯು ಮುನಿಗಳಿಗೆ ಮಹಾವ್ರತದ ಅಂಗ. ಗೃಹಸ್ಥನಿಗೆ ಅಷ್ಟು ಸೂಕ್ಷ್ಮವಾದ ಪಾಲನೆ ಸಾಧ್ಯವಿಲ್ಲವೆಂಬುದು ನಿಜ. ಆದರೆ ಪಿಂಛಿಯನ್ನು ಹಿಡಿದವರಿಗೆ ಅಷ್ಟು ಎಚ್ಚರ ಬೇಕಾದರೆ, ಹರಿತವಾದ ಉಕ್ಕನ್ನು ಹಿಡಿದವರಿಗೆ ಎಷ್ಟು ಬೇಕು?

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕಾಗಿದೆ. ಅಹಿಂಸೆಯೆಂದರೆ ಅನ್ಯಜೀವಿಗಳಿಗೆ ಸಂಬಂಧಿಸಿದ್ದು, ನನ್ನ ಬೆರಳು ಕೊಯ್ದುಕೊಂಡರೆ ಅದು ನನ್ನ ಪಾಡು ಎಂದು ಹಲವರು ತಿಳಿದಿದ್ದಾರೆ. ಅಮೃತಚಂದ್ರ ಸೂರಿಗಳ ಪುರುಷಾರ್ಥಸಿದ್ಧ್ಯುಪಾಯವು ಇದಕ್ಕೆ ಒಪ್ಪುವುದಿಲ್ಲ. ಪ್ರಮಾದಕ್ಕೂ ಕಷಾಯಕ್ಕೂ ವಶನಾದವನು ಮೊದಲು ಘಾತಿಸುವುದು ತನ್ನನ್ನೇ. ಅನ್ಯಜೀವಿ ಸತ್ತಿತೋ ಉಳಿಯಿತೋ ಎಂಬುದು ಆಮೇಲಿನ ಮಾತು ಎಂಬುದು ಆ ಗ್ರಂಥದ ಅಭಿಪ್ರಾಯ. ಆಚಾರ್ಯರು ಹೇಳಿದ್ದು ಆತ್ಮಗುಣಗಳ ಘಾತವನ್ನು ಕುರಿತು, ಬೆರಳನ್ನು ಕುರಿತಲ್ಲ. ಆದರೂ ಈಳಿಗೆಯ ಮುಂದೆ ಕುಳಿತಾಗ ಈ ತತ್ತ್ವವು ಕಣ್ಣಿಗೆ ಕಾಣುವಷ್ಟು ಸ್ಥೂಲವಾಗುತ್ತದೆ. ಹೀರೇಕಾಯಿಯೊಳಗಿನ ಹುಳುವನ್ನು ನೋಡದೆ ಹೆಚ್ಚಿದ ಕಣ್ಣೇ ಹೆಬ್ಬೆರಳನ್ನೂ ನೋಡುವುದಿಲ್ಲ. ಹುಳುವನ್ನು ಕಾಯುವ ನೋಟ ಬೇರೆ, ಬೆರಳನ್ನು ಕಾಯುವ ನೋಟ ಬೇರೆ ಎಂಬುದಿಲ್ಲ, ಎರಡೂ ಒಂದೇ.

ಆದ್ದರಿಂದಲೇ ಕೈ ಕೊಯ್ದಾಗ “ನನ್ನ ಕರ್ಮ” ಎಂದು ನಿಟ್ಟುಸಿರುಬಿಟ್ಟು ಸುಮ್ಮನಾಗುವವರನ್ನು ಕಂಡರೆ ನನಗೆ ಸಮಾಧಾನವಾಗುವುದಿಲ್ಲ. ನೋವು ಅಸಾತಾವೇದನೀಯದ ಉದಯವೆಂಬುದು ಸಿದ್ಧಾಂತಕ್ಕೆ ಸಮ್ಮತವೇ. ಆದರೆ ನಿಮಿತ್ತವನ್ನು ಒದಗಿಸಿದವರು ಯಾರು? ಮಾತನಾಡುತ್ತ, ಒಲೆಯ ಮೇಲಿನ ಹಾಲಿನ ಕಡೆಗೆ ಮುಖ ತಿರುಗಿಸಿ, ಕೈಯನ್ನು ಅಲಗಿನ ಮೇಲೆ ತಳ್ಳಿದ್ದು ಈ ಜನ್ಮದ ಪ್ರಮಾದ, ಈ ಕ್ಷಣದ ಪ್ರಮಾದ. ಅದನ್ನು ಪೂರ್ವಜನ್ಮದ ಲೆಕ್ಕಕ್ಕೆ ಬರೆಯುವುದು ಲೆಕ್ಕ ತಪ್ಪಿಸಿದಂತೆಯೇ.

ಈಳಿಗೆಯ ಸ್ವರೂಪವನ್ನು ಒಮ್ಮೆ ವಿಚಾರಿಸೋಣ. ಕರಾವಳಿಯವರು ಇದನ್ನೇ ಮೆಟ್ಟುಕತ್ತಿ ಎನ್ನುತ್ತಾರೆ. ಕಾಲಲ್ಲಿ ಮೆಟ್ಟಿ ಹಿಡಿಯುವುದರಿಂದ ಆ ಹೆಸರು. ಮರಾಠಿಯಲ್ಲಿ ವಿಳಿ. ಚಾಕುವಿಗೂ ಇದಕ್ಕೂ ಒಂದು ಮೂಲಭೂತ ಭೇದವುಂಟು. ಚಾಕುವಿನಲ್ಲಿ ಕಾಯಿ ನಿಂತಿರುತ್ತದೆ, ಅಲಗು ನಡೆಯುತ್ತದೆ. ಈಳಿಗೆಯಲ್ಲಿ ಅಲಗು ನಿಂತಿರುತ್ತದೆ, ಕೈ ನಡೆಯುತ್ತದೆ. ಕೈಯೇ ಅಲಗಿನ ಕಡೆಗೆ ಹೋಗುವುದರಿಂದ, ಮುನಿಗಳು ದಾರಿಯನ್ನು ನೋಡಿ ಹೆಜ್ಜೆಯಿಡುವಂತೆ ಇಲ್ಲಿ ಕೈಗೂ ಒಂದು ಈರ್ಯಾಸಮಿತಿ ಬೇಕು. ಬೆರಳ ತುದಿಗಳನ್ನು ಒಳಕ್ಕೆ ಮಡಿಸಿ ಕಾಯಿಯ ಹಿಂಬದಿಯಲ್ಲಿ ಇಟ್ಟುಕೊಂಡು, ಹೆಬ್ಬೆರಳು ಅಲಗಿನ ದಾರಿಗೆ ಅಡ್ಡ ಬಾರದಂತೆ, ಮೆಲ್ಲಗೆ ಮುಂದೂಡಬೇಕು. ಮಣೆಯ ಮೇಲಿನ ಪಾದವು ಪೂರ್ತಿಯಾಗಿ ಊರಿರಬೇಕು. ಹಿಮ್ಮಡಿಯಷ್ಟೇ ತಾಗಿದ್ದರೆ ಒತ್ತಡ ಬಿದ್ದ ಕ್ಷಣ ಮಣೆ ಹೊರಳುತ್ತದೆ. ಕುಳಿತುಕೊಳ್ಳುವಾಗ ಬೆನ್ನು ಗೋಡೆಯ ಕಡೆಗಿರಲಿ, ಮುಖ ಬಾಗಿಲ ಕಡೆಗಿರಲಿ. ಹಿಂದಿನಿಂದ ಓಡಿಬಂದು ಕೊರಳಿಗೆ ಬೀಳುವ ಮಗುವು ಅಲಗನ್ನು ಕಾಣದು, ನಾವೂ ಮಗುವನ್ನು ಕಾಣೆವು.

ಹೆಚ್ಚಿನ ಗಾಯಗಳು ಮೃದುವಾದ ಕಾಯಿಯಿಂದ ಆಗುವುದಿಲ್ಲ. ಕುಂಬಳಕಾಯಿ ಗಟ್ಟಿಯಾಗಿರುತ್ತದೆ, ಎರಡು ಕೈಗಳ ಬಲವನ್ನೆಲ್ಲ ಹಾಕಿ ತಳ್ಳುತ್ತೇವೆ, ಅದು ಒಮ್ಮೆಲೇ ಸೀಳಿಕೊಂಡಾಗ ಕೈಗಳು ತಡೆಯಿಲ್ಲದೆ ಮುಂದಕ್ಕೆ ನುಗ್ಗುತ್ತವೆ. ಇಡಿಯ ಕುಂಬಳವನ್ನು ಈಳಿಗೆಗೆ ಕೊಡಲೇಬಾರದು. ನೆಲದ ಮೇಲೆ ಹಲಗೆಯಿಟ್ಟು, ದೊಡ್ಡ ಕತ್ತಿಯಿಂದ ಮೊದಲು ಒಂದು ಬದಿಯನ್ನು ಸವರಿ ಚಪ್ಪಟೆಯಾಗಿಸಿ, ಆ ಬದಿಯನ್ನು ಕೆಳಗೆ ಮಾಡಿ ಕೂಡಿಸಿದರೆ ಅದು ಉರುಳುವುದಿಲ್ಲ. ಅನಂತರ ಹೋಳುಗಳನ್ನು ಈಳಿಗೆಗೆ ತರಬಹುದು. ಬಾಳೆಕಾಯಿಯ ಅಂಟು ತಾಗಬಾರದೆಂದು ಅಂಗೈಗೆ ಎಣ್ಣೆ ಸವರಿಕೊಳ್ಳುವ ರೂಢಿಯುಂಟು. ಎಣ್ಣೆ ಹಚ್ಚಿದ ಮೇಲೆ ಬೆರಳುಗಳನ್ನು ಒಣ ಅರಿವೆಯಿಂದ ಒಮ್ಮೆ ಒರೆಸಿಕೊಳ್ಳದಿದ್ದರೆ ಕಾಯಿ ಜಾರುತ್ತದೆ. ಬೆಂಡೆಕಾಯಿಯ ಲೋಳೆಗೂ ಇದೇ ಮಾತು.

ಇನ್ನು ಅಲಗಿನ ಹರಿತ. ಮೊಂಡು ಈಳಿಗೆ ಅಪಾಯವಿಲ್ಲದ್ದು, ಮಕ್ಕಳಿರುವ ಮನೆಗೆ ಅದೇ ಒಳ್ಳೆಯದು ಎಂಬ ಭ್ರಮೆ ನಮ್ಮ ಹಿರಿಯರಲ್ಲಿ ಕೆಲವರಿಗಿದೆ. ವಿಚಾರ ಮಾಡಿದರೆ ಸಂಗತಿ ತಿರುಗುಮುರುಗಾಗಿದೆ. ಮೊಂಡು ಅಲಗು ಹೆಚ್ಚಿನ ಬಲವನ್ನು ಬೇಡುತ್ತದೆ, ಬಲ ಹೆಚ್ಚಿದಲ್ಲಿ ಹಿಡಿತ ತಪ್ಪುತ್ತದೆ; ಅದರಿಂದಾದ ಗಾಯವು ಹರಿದ ಗಾಯ, ಮಾಯುವುದು ತಡ. ಸಾಣೆ ಹಿಡಿಯುವವನು ಓಣಿಗೆ ಬಂದಾಗ ನಾಲ್ಕು ಕಾಸಿನ ಲೆಕ್ಕ ನೋಡದೆ ಸಾಣೆ ಹಿಡಿಸಿಕೊಳ್ಳುವುದು ಒಳಿತು. ಸಾಣೆಯಾದ ದಿನ ಮನೆಯ ಎಲ್ಲರಿಗೂ ಬಾಯಿಬಿಟ್ಟು ಹೇಳಬೇಕು. ನಿನ್ನೆಯ ಮೊಂಡಿಗೆ ರೂಢಿಯಾದ ಕೈ ಇಂದು ಅದೇ ಬಲವನ್ನು ಹಾಕುತ್ತದೆ. ಮಳೆಗಾಲದಲ್ಲಿ ಅಲಗನ್ನೂ ಮಣೆಯನ್ನೂ ತೊಳೆದು, ಒರೆಸಿ, ಒಣಗಿಸಿಯೇ ಇಡಬೇಕು. ಹಸಿ ಮರದ ಸಂದಿನಲ್ಲಿ ಬೂಸು ಹಿಡಿದು ಜೀವೋತ್ಪತ್ತಿಯಾಗುತ್ತದೆಂಬುದು ಒಂದು ಕಾರಣ, ಒದ್ದೆ ಮಣೆ ಕಾಲಡಿಯಲ್ಲಿ ಜಾರುತ್ತದೆಂಬುದು ಇನ್ನೊಂದು.

ಇಡುವ ಕ್ರಮ, ಅಂದರೆ ನಿಕ್ಷೇಪಣ, ಎತ್ತುವ ಕ್ರಮಕ್ಕಿಂತಲೂ ಮುಖ್ಯವೆಂದು ನನ್ನ ಅಭಿಪ್ರಾಯ. ಎತ್ತುವಾಗ ಕೆಲಸದ ನೆನಪಿರುತ್ತದೆ. ಇಡುವಾಗ ಮನಸ್ಸು ಆಗಲೇ ಮುಂದಿನ ಕೆಲಸಕ್ಕೆ ಹೋಗಿರುತ್ತದೆ. ಮಡಚುವ ಈಳಿಗೆಯಾದರೆ ಏಳುವ ಮೊದಲೇ ಮಡಚಬೇಕು. ಮಡಚಲು ಬಾರದಿದ್ದರೆ ಅಲಗನ್ನು ಗೋಡೆಯ ಕಡೆಗೆ ತಿರುಗಿಸಿ, ಮಲಗಿಸಿ, ಮಗುವಿನ ಕೈಗೆಟುಕದ ಗೂಡಿನಲ್ಲಿಡಬೇಕು. “ಇದೊಂದು ಸೌಟು ತಿರುವಿ ಬರತೇನಿ” ಎಂದು ಅಲಗನ್ನು ತೆರೆದಿಟ್ಟು ಏಳುವುದುಂಟಲ್ಲ, ಆ ಒಂದು ಸೌಟಿನ ಹೊತ್ತು ಅಂಬೆಗಾಲಿಡುವ ಕೂಸಿಗೆ ಬೇಕಾದಷ್ಟಾಯಿತು. ಚಾಕುವನ್ನು ಮುಸುರೆ ಪಾತ್ರೆಗಳ ಕೆಳಗೆ, ನೊರೆಯ ನೀರಿನೊಳಗೆ ಮುಳುಗಿಸಿಟ್ಟರೆ ತೊಳೆಯಲು ಬಂದವಳ ಕೈ ಅದನ್ನು ಕಾಣದೆ ಹಿಡಿಯುತ್ತದೆ. ತೊಳೆಯುವವಳು ಸೊಸೆಯಾದರೂ ಆಗಲಿ, ಕೂಲಿಗೆ ಬಂದವಳಾದರೂ ಆಗಲಿ, ಆ ಗಾಯದ ಪಾಪ ಇಟ್ಟವರದು. ಕತ್ತಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ಹಳಬರು ಹೇಳುತ್ತಿದ್ದರು. ಜಗಳದ ಮಾತು ಮೂಢನಂಬಿಕೆ. ಆಚಾರ ಮಾತ್ರ ಅತ್ಯುತ್ತಮವಾದದ್ದು. ಒಬ್ಬರು ನೆಲಕ್ಕಿಡಲಿ, ಇನ್ನೊಬ್ಬರು ಎತ್ತಿಕೊಳ್ಳಲಿ. ಕೈತಪ್ಪಿ ಬೀಳುತ್ತಿರುವ ಚಾಕುವನ್ನು ಹಿಡಿಯಹೋಗದೆ ಕಾಲನ್ನು ಹಿಂದಕ್ಕೆ ತೆಗೆದುಕೊಂಡು ಬೀಳಗೊಡಬೇಕು.

ಒಂದು ಸಣ್ಣ ಪ್ರಾಸಂಗಿಕ. ರತ್ನಕರಂಡ ಶ್ರಾವಕಾಚಾರದ ವ್ಯಾಖ್ಯಾನದಲ್ಲಿ ಗೃಹಸ್ಥನ ಪಂಚಸೂನೆಗಳನ್ನು, ಅಂದರೆ ಮನೆಯಲ್ಲಿ ಜೀವಘಾತವಾಗುವ 5 ಸ್ಥಾನಗಳನ್ನು, ಹೇಳಿದೆ: ಒರಳು, ಬೀಸುವ ಕಲ್ಲು, ಒಲೆ, ನೀರಿನ ಕೊಡ, ಕಸಬರಿಗೆ. ಅಲ್ಲಿ ಈಳಿಗೆಯ ಹೆಸರಿಲ್ಲ. ಇಂದು ಕುಟ್ಟುವುದೂ ಬೀಸುವುದೂ ಗಿರಣಿಗೆ ಹೋಗಿವೆ, ಒಲೆಯ ಜಾಗಕ್ಕೆ ಗ್ಯಾಸು ಬಂದಿದೆ, ಕೊಡದ ಜಾಗಕ್ಕೆ ನಲ್ಲಿ. ಹೆಚ್ಚುವ ಕೆಲಸ ಮಾತ್ರ ಇನ್ನೂ ಕೈಯಲ್ಲೇ ಉಳಿದಿದೆ. ಪಾಕಶಾಸ್ತ್ರವು ಧರ್ಮಾತ್ಮರಿಗೆ ತಕ್ಕ ವಿಷಯವಲ್ಲವೆಂದು ನಮ್ಮ ಪೂರ್ವಕವಿಗಳೇನೂ ಭಾವಿಸಲಿಲ್ಲ. ಎರಡನೆಯ ಚಾವುಂಡರಾಯನ ಲೋಕೋಪಕಾರದಲ್ಲಿ ಅಡಿಗೆಯ ವಿಷಯವಿದೆ. ಮೂರನೆಯ ಮಂಗರಸನು ಸೂಪಶಾಸ್ತ್ರವೆಂಬ ಗ್ರಂಥವನ್ನೇ ರಚಿಸಿದನು. ಮಂಗರಸನು ಜೈನನು.

ನಮ್ಮ ಮನೆಗಳಲ್ಲಿ ಈಳಿಗೆಯ ಅಪಾಯವು ಸಂಜೆಗೇ ಏಕೆ ಹೆಚ್ಚು ಎಂಬುದನ್ನು ಯೋಚಿಸಿದ್ದೀರಾ? ರಾತ್ರಿಭೋಜನ ತ್ಯಾಗವಿರುವ ಮನೆಯಲ್ಲಿ ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ, ಮೊದಲೇ ಊಟ ಮುಗಿಯಬೇಕೆಂಬುದು ನಿಷ್ಠೆಯುಳ್ಳವರ ನಿಯಮ. ಆಷಾಢದಲ್ಲಿ ಧಾರವಾಡದ ಕಡೆ ಹೊತ್ತು ಮುಳುಗುವುದು ಏಳು ಗಂಟೆಯ ಸುಮಾರಿಗೆ. ಕಾರ್ತಿಕ ಮಾರ್ಗಶಿರಗಳಲ್ಲಿ ಆರರ ಸುಮಾರಿಗೆ. ಹೊತ್ತು ಒಂದು ಗಂಟೆಯಷ್ಟು ಹಿಂದೆ ಸರಿದರೂ ಶಾಲೆ ಬಿಡುವ ವೇಳೆ ಸರಿಯುವುದಿಲ್ಲ, ಹೊಲದಿಂದ ಬರುವವರ ವೇಳೆ ಸರಿಯುವುದಿಲ್ಲ. ಐದು ಹೊಡೆಯುವುದರೊಳಗೆ ಎಲ್ಲರ ತಾಟು ತುಂಬಬೇಕೆಂದರೆ, ಆ ಅವಸರವೆಲ್ಲ ಒಬ್ಬ ತಾಯಿಯ ಹತ್ತು ಬೆರಳುಗಳ ಮೇಲೆ ಬೀಳುತ್ತದೆ. ಜೀವದಯೆಗಾಗಿ ಕೈಗೊಂಡ ವ್ರತವು ಅಡಿಗೆ ಮಾಡುವವಳ ಜೀವಕ್ಕೆ ಅವಸರವನ್ನು ತಂದಿಡಬಾರದು. ಗಂಡಸರು ಈ ನಿಯಮವನ್ನು ಪಾಲಿಸಿದ್ದೇವೆಂದು ಹೆಮ್ಮೆಪಡುತ್ತಾರೆ. ಪಾಲಿಸಿಕೊಟ್ಟವರು ಯಾರೆಂದು ಅವರು ಕೇಳಿಕೊಳ್ಳಲಿ. ಪಲ್ಲೆಯನ್ನು ಸೋಸುವ ಕೆಲಸಕ್ಕೆ ಅಲಗು ಬೇಕಿಲ್ಲ. ಮೆಂತ್ಯ, ರಾಜಗಿರಿಗಳನ್ನು ಸೋಸಿಕೊಡಲು ಮನೆಯ ಯಜಮಾನನಿಗೂ ಬರುತ್ತದೆ, ಹತ್ತು ವರ್ಷದ ಹುಡುಗನಿಗೂ ಬರುತ್ತದೆ. ಚಳಿಗಾಲದ ತಿಂಗಳುಗಳಲ್ಲಿ ಸಂಜೆಗೆ ಹೆಸರುಕಾಳೋ ಮಡಿಕೆಕಾಳೋ ಮಾಡಿದರೆ ಈಳಿಗೆಯ ಕೆಲಸವೇ ತಪ್ಪುತ್ತದೆ. ಅಷ್ಟಮಿ ಚತುರ್ದಶಿಗಳಂದು ಹಸಿರನ್ನು ಬಿಡುವ ಮನೆಗಳಲ್ಲಿ ಅಂದು ಹೇಗೂ ಈಳಿಗೆಗೆ ವಿಶ್ರಾಂತಿ.

ದಶಲಕ್ಷಣ ಪರ್ವದಲ್ಲಿಯೂ ಆಷ್ಟಾಹ್ನಿಕಗಳಲ್ಲಿಯೂ ಉಪವಾಸ ಮಾಡಿದವರ ವಿಷಯ ಇನ್ನೂ ಸೂಕ್ಷ್ಮ. ಎರಡನೆಯ ಮೂರನೆಯ ದಿನಕ್ಕೆ ಕೈ ನಡುಗುತ್ತದೆ, ಎದ್ದಾಗ ಕಣ್ಣು ಕತ್ತಲೆಗೂಡುತ್ತದೆ. ಆದರೂ ಉಳಿದವರಿಗಾಗಿ ಅಡಿಗೆ ಮಾಡುವವಳು ಹಲವು ಮನೆಗಳಲ್ಲಿ ಉಪವಾಸವಿರುವ ಹೆಂಗಸೇ. ಪಾರಣೆಯ ಬೆಳಿಗ್ಗೆ ಹಣ್ಣು ಹೆಚ್ಚುವವಳೂ ಅವಳೇ. ಉಪವಾಸವೆಂಬ ಪದಕ್ಕೆ ಆತ್ಮದ ಸಮೀಪದಲ್ಲಿ ವಾಸಿಸುವುದೆಂದು ಅರ್ಥ ಹೇಳುತ್ತೇವೆ. ಈಳಿಗೆಯ ಸಮೀಪದಲ್ಲಿ ವಾಸಿಸುವುದೆಂದಲ್ಲ. ಉಪವಾಸವಿರುವವರ ಕೈಗೆ ಅಲಗನ್ನು ಕೊಡಬಾರದೆಂಬ ನಿಯಮವನ್ನು ಪ್ರತಿ ಮನೆಯೂ ಮಾಡಿಕೊಳ್ಳಲಿ. ಅತ್ತೆಯ ಉಪವಾಸಕ್ಕೆ ಸೊಸೆ, ಸೊಸೆಯ ಉಪವಾಸಕ್ಕೆ ಅತ್ತೆ, ಇಬ್ಬರದೂ ಇದ್ದರೆ ಮಗ.

ಈಗ ಆಹಾರದಾನದ ಮಾತು. ಇದನ್ನು ಬರೆಯಲೆಂದೇ ಲೇಖನಿ ಹಿಡಿದದ್ದು. ಮುನಿಗಳಿಗೆ ದಿನಕ್ಕೊಮ್ಮೆ ಮಾತ್ರ ಆಹಾರ, ನಿಂತು, ಪಾಣಿಪಾತ್ರದಲ್ಲಿ. ನೀರೂ ಅದೇ ವೇಳೆಯಲ್ಲಿ. ಮೂಲಾಚಾರದಲ್ಲಿ ಹೇಳಿರುವ 32 ಅಂತರಾಯಗಳಲ್ಲಿ ರುಧಿರ, ಅಂದರೆ ರಕ್ತ ಹರಿಯುವುದನ್ನು ಕಾಣುವುದು, ಒಂದು. ಚೌಕದಲ್ಲಿ ಯಾರದಾದರೂ ಬೆರಳಿನಿಂದ ರಕ್ತ ಹರಿಯುವುದು ಮುನಿಗಳ ದೃಷ್ಟಿಗೆ ಬಿದ್ದರೆ ಅವರು ಕೈಬಿಡುತ್ತಾರೆ, ಮರುದಿನದವರೆಗೆ ಅನ್ನವೂ ಇಲ್ಲ, ನೀರೂ ಇಲ್ಲ. ಈ ಭಯದಿಂದ ಏನಾಗುತ್ತದೆಂದರೆ, ಬೆರಳು ಕೊಯ್ದ ಹೆಣ್ಣುಮಗಳು ಅದನ್ನು ಮುಚ್ಚಿಡುತ್ತಾಳೆ. ಒಂದು ಚಾತುರ್ಮಾಸದ ಸಮಯದಲ್ಲಿ ನಾನೇ ಕಂಡದ್ದು: ಹೊಸದಾಗಿ ಬಂದ ಸೊಸೆಯೊಬ್ಬಳು ಸೇಬನ್ನು ಹೆಚ್ಚುವಾಗ ಬೆರಳನ್ನು ಕೊಯ್ದುಕೊಂಡು, ಸೆರಗಿನ ತುದಿಯಲ್ಲಿ ಸುತ್ತಿ, ಕಲಶ ಹಿಡಿದು ಪ್ರತಿಗ್ರಹಣಕ್ಕೆ ಬಾಗಿಲಲ್ಲಿ ನಿಂತಿದ್ದಳು. ಅತ್ತೆಯ ಕಣ್ಣಿಗೆ ಸೆರಗಿನ ಕೆಂಪು ಬಿತ್ತು. ಆ ತಾಯಿ ಗದರಲಿಲ್ಲ. “ತಂಗೀ, ಕಲಶ ನನ್ನ ಕೈಗೆ ಕೊಡು, ನೀ ಒಳಗ ಹೋಗಿ ಕೈ ತೊಳಕೊಂಡು ಒತ್ತಿ ಹಿಡಕೊಂಡು ಕೂಡ್ರು, ನಿನ್ನ ಪುಣ್ಯ ಎಲ್ಲೂ ಹೋಗೂದಿಲ್ಲ” ಎಂದರು. ಹೆಚ್ಚಿದ ಹಣ್ಣನ್ನು ಬದಿಗೆ ತೆಗೆಸಿದರು. ಆಹಾರವು ನಿರಂತರಾಯವಾಗಿ ನಡೆಯಿತು.

ದಾತೃವು ನವಧಾ ಭಕ್ತಿಯಲ್ಲಿ ಮನಶ್ಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರಜಲಶುದ್ಧಿಗಳನ್ನು ಬಾಯಿಂದ ನುಡಿಯಬೇಕು. ರಕ್ತ ಸೋರುವ ಕೈಯನ್ನು ಮುಚ್ಚಿಟ್ಟು ಕಾಯಶುದ್ಧಿ ಎಂದರೆ ಸತ್ಯವ್ರತವೂ ಹೋಯಿತು. ಆದರೆ ಆ ಹುಡುಗಿಯನ್ನು ಮುಚ್ಚಿಡುವಂತೆ ಮಾಡಿದವರು ಯಾರು? “ನಿನ್ನಿಂದ ಮಹಾರಾಜರಿಗೆ ಅಂತರಾಯವಾಯಿತು” ಎಂದು ವರ್ಷಗಟ್ಟಲೆ ಆಡಿಕೊಳ್ಳುವ ನಾಲಿಗೆಗಳು. ಅಂಥ ನಾಲಿಗೆಯಿರುವ ಮನೆಯಲ್ಲಿ ಗಾಯವು ಹೊರಬೀಳುವುದಿಲ್ಲ. ಚೌಕದ ಕೆಲಸದಲ್ಲಿ ಹೆಚ್ಚುವ ಕೆಲಸವನ್ನು ಒಬ್ಬರಿಗೇ, ಅನುಭವಿಗೇ ವಹಿಸಿ, ಮಿಕ್ಕವರು ಅಲಗನ್ನು ಮುಟ್ಟದಿರುವುದು ಲೇಸು. ಬೆರಳು ಕೊಯ್ದರೆ ಕೂಡಲೇ ಹೇಳಿ ಚೌಕದಿಂದ ಹೊರಬರಬೇಕು. ಹೊರಬಂದದ್ದಕ್ಕೆ ಯಾರೂ ಒಂದು ಮಾತು ಆಡಕೂಡದು.

ಗಾಯವಾದ ಮೇಲೆ ಮಾಡತಕ್ಕದ್ದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಶುದ್ಧವಾದ ನೀರಿನಲ್ಲಿ ತೊಳೆದು, ಒಗೆದ ಅರಿವೆಯಿಂದ 10 ನಿಮಿಷ ಬಿಡದೆ ಒತ್ತಿ ಹಿಡಿದು, ಕೈಯನ್ನು ಎದೆಗಿಂತ ಮೇಲಕ್ಕೆ ಎತ್ತಿಕೊಂಡಿರಬೇಕು. ನಿಂತಿತೋ ಇಲ್ಲವೋ ಎಂದು ನಡುನಡುವೆ ತೆರೆದು ನೋಡಬಾರದು. ಅರಿಷಿಣ, ಚಹಾಪುಡಿ, ಬೂದಿಗಳನ್ನು ತುಂಬಬಾರದು. ರಕ್ತ ನಿಲ್ಲದಿದ್ದರೆ, ಗಾಯ ಬಾಯಿ ತೆರೆದಿದ್ದರೆ, ಬೆರಳ ತುದಿ ಜೋಮು ಹಿಡಿದಿದ್ದರೆ ಅಥವಾ ಮಡಚಲು ಬಾರದಿದ್ದರೆ, ತಡಮಾಡದೆ ಕಲಘಟಗಿಯ ತಾಲೂಕು ಆಸ್ಪತ್ರೆಗೋ ಧಾರವಾಡದ ಜಿಲ್ಲಾ ಆಸ್ಪತ್ರೆಗೋ ಹೋಗಬೇಕು. ಒಳಗಿನ ನರ ತುಂಡಾಗಿದ್ದರೆ ಮನೆಮದ್ದಿನಿಂದ ಕೂಡುವುದಿಲ್ಲ. ಬೆರಳ ತುದಿಯೇ ಬೇರೆಯಾದರೆ ಅದನ್ನು ಒದ್ದೆಮಾಡಿದ ಶುದ್ಧ ಅರಿವೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಒಯ್ಯಬೇಕು. ಮಂಜುಗಡ್ಡೆ ನೇರವಾಗಿ ತಾಗಕೂಡದು.

ಧನುರ್ವಾಯುವಿನ ಚುಚ್ಚುಮದ್ದಿನ ಪ್ರಶ್ನೆಯನ್ನು ನನ್ನಲ್ಲಿ ಹಲವರು ಕೇಳಿದ್ದಾರೆ. ತುಕ್ಕು ಹಿಡಿದ ಕಬ್ಬಿಣದಿಂದ ಮಾತ್ರ ಧನುರ್ವಾಯು ಬರುತ್ತದೆಂಬುದು ತಪ್ಪು ತಿಳಿವಳಿಕೆ. ಅದರ ರೋಗಾಣು ಮಣ್ಣಿನಲ್ಲಿ, ಸಗಣಿಯಲ್ಲಿ ಇರುತ್ತದೆ. ನೆಲದ ಮೇಲಿಡುವ ಈಳಿಗೆಗೆ, ಸಾರಿಸುವ ನೆಲದ ಮನೆಗೆ, ಅದು ದೂರದ್ದಲ್ಲ. ಹಿಂದೆ ಚುಚ್ಚಿಸಿಕೊಂಡು 10 ವರ್ಷವಾಗಿದ್ದರೆ, ಮಲಿನವಾದ ಗಾಯಕ್ಕೆ 5 ವರ್ಷವಾಗಿದ್ದರೆ, ಮತ್ತೊಂದು ಬೇಕು. ಆದರೆ ಅಂದು ಉಪವಾಸವಿದೆ, ಸೂಜಿ ಹಾಕಿಸಿಕೊಂಡರೆ ಉಪವಾಸ ಭಂಗವಾಗುತ್ತದೆಯೇ? ಉಪವಾಸವೆಂದರೆ ಅನ್ನ, ಪಾನ, ಖಾದ್ಯ, ಲೇಹ್ಯವೆಂಬ ಚತುರ್ವಿಧ ಆಹಾರದ ತ್ಯಾಗ. ಸೂಜಿಮದ್ದು ಇವುಗಳಲ್ಲಿ ಯಾವುದೂ ಅಲ್ಲವೆಂದು ನನ್ನ ತಿಳಿವಳಿಕೆ. ಸಂದೇಹವುಳ್ಳವರು ಗುರುಗಳಲ್ಲಿ ಪ್ರಾಯಶ್ಚಿತ್ತವನ್ನು ಕೇಳಿಕೊಳ್ಳಲಿ. ಆಸ್ಪತ್ರೆಯಿಂದ ಬಂದ ಮೇಲೆ ಕೇಳಿಕೊಳ್ಳಲಿ.

ಪೇಟೆಯಿಂದ ಬರುವ ಹೊಸ ಉಪಕರಣಗಳ ಬಗ್ಗೆ ಎರಡು ಮಾತು. ಬಟಾಟೆ ಬಿಟ್ಟವರಾದ ನಾವು ಬಾಳೆಕಾಯಿಯ ಚಿಪ್ಸ್ ಮಾಡುತ್ತೇವೆ. ಅದಕ್ಕೆಂದು ಪಟ್ಟಿಯ ಆಕಾರದ ಸ್ಲೈಸರ್ ಮನೆಮನೆಗೂ ಬಂದಿದೆ. ಅಲಗು ಕಾಣುವುದು ಕೂದಲೆಳೆಯಷ್ಟು, ಕೊಯ್ಯುವುದು ಕ್ಷೌರದ ಕತ್ತಿಯಷ್ಟು. ಕಾಯಿ ಸಣ್ಣದಾದಂತೆ ಅಂಗೈ ಅಲಗಿಗೆ ಸಮೀಪವಾಗುತ್ತದೆ. ಜೊತೆಗೆ ಕೊಟ್ಟಿರುವ ಹಿಡಿಕೆಯನ್ನು ತೆಗೆದೆಸೆಯದೆ ಬಳಸಬೇಕು. ಕೊನೆಯ ಒಂದಂಗುಲವನ್ನು ಉಳಿಸಿ ಆಕಳಿಗೆ ಹಾಕಬೇಕು. ಹಗ್ಗ ಎಳೆದು ಕತ್ತರಿಸುವ ಡಬ್ಬಿಯನ್ನು ನಾನು ಮೆಚ್ಚಲಾರೆ. ಬೆಂಡೆಕಾಯಿಯನ್ನು ಸೀಳಿ ಒಳಗೆ ನೋಡದೆ ಹಾಗೆಯೇ ತುಂಬಿ ಎಳೆದರೆ ಒಳಗಿದ್ದ ಜೀವದ ಗತಿಯೇನು? ಮೊದಲು ಸೀಳಿ ಶೋಧಿಸಿ ಆಮೇಲೆ ಹಾಕುವುದಾದರೆ ಆಕ್ಷೇಪವಿಲ್ಲ. ಮಿಕ್ಸರಿನ ಪಾತ್ರೆಯೊಳಗೆ ಬೆರಳು ಹಾಕುವ ಮೊದಲು ಪ್ಲಗ್ ಕಿತ್ತಿರಬೇಕು. ಮೊಣಕಾಲು ನೋವಿನಿಂದ ಕೆಳಗೆ ಕೂಡಲಾರದವರು ಈಳಿಗೆಯನ್ನು ಕಟ್ಟೆಯ ಮೇಲಿಟ್ಟು ಒಂದು ಕೈಯಲ್ಲಿ ಒತ್ತಿ ಇನ್ನೊಂದು ಕೈಯಲ್ಲಿ ಹೆಚ್ಚುವುದನ್ನು ಕಂಡಿದ್ದೇನೆ. ಇದು ಸರ್ವಥಾ ಕೂಡದು. ಅಂಥವರು ಹಲಗೆ ಚಾಕುಗಳನ್ನೇ ಬಳಸಲಿ, ಹಲಗೆ ಜಾರದಂತೆ ಕೆಳಗೆ ಒದ್ದೆ ಅರಿವೆ ಹಾಸಿಕೊಳ್ಳಲಿ.

ಕೊನೆಗೆ ಮುರಿದ ಅಲಗು. ಸಮಂತಭದ್ರ ಸ್ವಾಮಿಗಳು ಅನರ್ಥದಂಡದ 5 ಭೇದಗಳಲ್ಲಿ ಕೊಡಲಿ ಖಡ್ಗಾದಿಗಳನ್ನು ಅನ್ಯರಿಗೆ ಕೊಡುವ ಹಿಂಸಾದಾನವನ್ನೂ, ನಿಷ್ಪ್ರಯೋಜನವಾದ ಅಜಾಗರೂಕ ವರ್ತನೆಯಾದ ಪ್ರಮಾದಚರ್ಯೆಯನ್ನೂ ಎಣಿಸಿದ್ದಾರೆ. ನೆರೆಮನೆಯವರು ಪಲ್ಲೆ ಹೆಚ್ಚಲು ಈಳಿಗೆ ಕೇಳಿದರೆ ಕೊಡುವುದು ಹಿಂಸಾದಾನವಾಗುವುದೆಂದು ನಾನು ಭಾವಿಸುವುದಿಲ್ಲ. ಆದರೆ ಮುರಿದ ಚಾಕುವಿನ ತುಂಡನ್ನು, ಹಳೆಯ ಸ್ಲೈಸರಿನ ಪಟ್ಟಿಯನ್ನು ಕಸದೊಂದಿಗೆ ತಿಪ್ಪೆಗೆ ಎಸೆಯುವುದು ನಿಸ್ಸಂದೇಹವಾಗಿ ಪ್ರಮಾದಚರ್ಯೆ. ನಮ್ಮಲ್ಲಿ ತಿಪ್ಪೆಯ ಗೊಬ್ಬರವು ಮಳೆಗಾಲಕ್ಕೆ ಮುಂಚೆ ಹೊಲ ಸೇರುತ್ತದೆ. ಆ ತುಂಡು ಗೊಬ್ಬರ ಹರವುವವಳ ಅಂಗಾಲಿಗೋ ಎತ್ತಿನ ಗೊರಸಿನ ಸಂದಿಗೋ ಸೇರುತ್ತದೆ; ತಿಪ್ಪೆ ಕೆದಕುವ ದನದ ಬಾಯಿಗೂ ಸೇರಬಹುದು. ಮುರಿದ ಅಲಗನ್ನು ದಪ್ಪ ಅರಿವೆಯಲ್ಲಿ ಸುತ್ತಿ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಹಾಕಿಟ್ಟು, ಗುಜರಿಯವನು ಬಂದಾಗ ಒಳಗೆ ಏನಿದೆಯೆಂದು ಹೇಳಿ ಅವನ ಕೈಗೆ ಕೊಡಿರಿ.